ಟೂ-ಇನ್-ಒನ್ ಬಿಚ್ಚುವಾಗ ಈ ಚಿಕ್ಕ ಲಾಕ್‌ಗಳನ್ನು ತೆಗೆಯೋದು ಹೇಗೆ? ಜೊತೆಗೆ ‘ಸಿ945 ಪಿ’ ಅಂದ್ರೆ ಏನು?

ಕರಾವಳಿ_ಕ್ಯಾಸೆಟ್:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೇ ಟೂ-ಇನ್-ಒನ್ ಒಂದಿದೆ. ರೇಡಿಯೋ ಚೆನ್ನಾಗಿ ಕೇಳುತ್ತದೆ, ಕ್ಯಾಸೆಟ್ ಮಾತ್ರ ಓಡುವುದಿಲ್ಲ. ಪ್ಲೇ ಒತ್ತಿದರೆ ಮೋಟರ್ ಸದ್ದು ಬರುತ್ತದೆ, ಆದರೆ ಯಾವ ಚಕ್ರವೂ ತಿರುಗುವುದಿಲ್ಲ. ಅಜ್ಜ ರೆಕಾರ್ಡ್ ಮಾಡಿಟ್ಟ ತಾಳಮದ್ದಲೆ ಕ್ಯಾಸೆಟ್‌ಗಳು ಒಂದು ಪೆಟ್ಟಿಗೆ ತುಂಬ ಇವೆ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಅಂತ ಆಸೆ.

ಹಿಂದಿನ ಕವರ್ ತೆಗೆದು ನೋಡಿದೆ. ಬೆಲ್ಟ್ ಕರಗಿ ಕಪ್ಪು ಅಂಟಾಗಿದೆ. ಹೊಸದು ಹಾಕಲು ಫ್ಲೈವೀಲ್, ಅಂದ್ರೆ ಬೆಲ್ಟ್ ತಿರುಗಿಸುವ ಭಾರದ ಚಕ್ರ, ಹೊರಗೆ ಬರಬೇಕು. ಅದರ ಶಾಫ್ಟ್ ಮೇಲೆ, ಕ್ಯಾಸೆಟ್ ಕೂರುವ ಕಡೆ, ಚಿಕ್ಕ ಬಿಳಿ ಪ್ಲಾಸ್ಟಿಕ್ ಉಂಗುರ ಇದೆ. ಪಕ್ಕದ ಗೇರಿಗೆ ಕಪ್ಪು ಲೋಹದ ಲಾಕ್. ಇನ್ನೊಂದು ಲಿವರ್ ಕೂರುವ ಕಡ್ಡಿಗೆ ಸುತ್ತ ಕಚ್ಚು ಇದೆ, ಲಾಕ್ ಇಲ್ಲ. ಹಿಂದೆ ಯಾರೋ ರಿಪೇರಿ ಮಾಡಿದವರು ಅಲ್ಲಿ ತಾಮ್ರದ ತಂತಿ ಸುತ್ತಿ ಬಿಟ್ಟಿದ್ದಾರೆ ಮಾರಾಯ್ರೆ!

ಎರಡು ಪ್ರಶ್ನೆ. ಈ ಲಾಕ್‌ಗಳನ್ನು ಹಾರಿಸದೆ, ಮುರಿಯದೆ ತೆಗೆಯುವುದು ಹೇಗೆ? ಬೋರ್ಡ್ ಮೇಲೆ ಮೂರು ಕಾಲಿನ ಕಪ್ಪು ಪಾರ್ಟ್ ಒಂದರ ಸುತ್ತ ಬೋರ್ಡ್ ಸ್ವಲ್ಪ ಕಂದಾಗಿದೆ, ಮೇಲೆ ‘ಸಿ945 ಪಿ’ ಅಂತಿದೆ. ಅದು ಏನು? ಅಂಗಡಿಯಲ್ಲಿ ಏನಂತ ಕೇಳಲಿ?

ಹಳೇರೇಡಿಯೋ:
ಮೊದಲು ಕರೆಂಟ್ ಪ್ಲಗ್ ಕೀಳಿ, ಸೆಲ್ಲುಗಳನ್ನೂ ತೆಗೆಯಿರಿ. ಆಮೇಲೆ ಫೋಟೋ ತೆಗೆಯಿರಿ. ಪ್ರತಿ ವಾಷರ್ ಎತ್ತುವ ಮೊದಲು ಒಂದು ಫೋಟೋ. ಫೋನ್‌ನಲ್ಲಿ ಜಾಗ ಇಲ್ಲ ಅನ್ನಬೇಡಿ.

ಸೋಲ್ಡರ್_ಸ್ವಾಮಿ:
ನೋಡ್ರಿ, ಲಾಕ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಯಾವುದು ಅಂತ ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಹಾಕಬೇಡಿ. ಮುರಿಯುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಆಗೋದು. ಲೆನ್ಸ್ ಇದ್ದರೆ ಲೆನ್ಸ್ ಹಿಡಿಯಿರಿ, ಇಲ್ಲದಿದ್ದರೆ ಫೋನ್ ಕ್ಯಾಮೆರಾ ಜೂಮ್ ಮಾಡಿ ನೋಡಿ.

ನಿಮ್ಮ ಕಪ್ಪು ಲೋಹದ್ದು ಇ-ಕ್ಲಿಪ್ ಇರಬೇಕು. ಮೇಲಿಂದ ನೋಡಿದರೆ ಇಂಗ್ಲಿಷ್ ಇ ಅಕ್ಷರದ ಹಾಗೆ ಕಾಣುತ್ತದೆ: ಒಂದು ಕಡೆ ಬಾಯಿ, ಒಳಗೆ ಮೂರು ಹಲ್ಲು. ಅದು ಶಾಫ್ಟ್‌ಗೆ ಮೇಲಿಂದ ಇಳಿದದ್ದಲ್ಲ, ಪಕ್ಕದಿಂದ ಕಚ್ಚಿಗೆ ತಳ್ಳಿ ಕೂರಿಸಿದ್ದು. ಹಾಗಾಗಿ ಬರಬೇಕಾದದ್ದೂ ಪಕ್ಕಕ್ಕೇ. ಮೇಲಕ್ಕೆ ಎತ್ತಲು ಹೋದರೆ ಕ್ಲಿಪ್ ಬಾಗುತ್ತದೆ, ಇಲ್ಲ ಕೆಳಗಿನ ಪ್ಲಾಸ್ಟಿಕ್ ಗೇರ್ ಒಡೆಯುತ್ತದೆ.

ನಾನು ಮಾಡುವುದು ಹೀಗೆ. ಕ್ಲಿಪ್ಪನ್ನು ಉಗುರಿನಿಂದ ತಿರುಗಿಸಿ ಬಾಯಿ ಯಾವ ಕಡೆ ಇದೆ ನೋಡುತ್ತೇನೆ. ಜಾಗ ಇರುವ ಕಡೆಗೆ ಅದರ ಬೆನ್ನು ಬರುವ ಹಾಗೆ ಮಾಡುತ್ತೇನೆ. ನಡು ಹಲ್ಲಿಗೂ ಪಕ್ಕದ ಹಲ್ಲಿಗೂ ಮಧ್ಯೆ ಸಂದು ಇರುತ್ತದಲ್ಲ, ಅಲ್ಲಿಗೆ ವಾಚ್ ರಿಪೇರಿಯವರ ಚಪ್ಪಟೆ ಸ್ಕ್ರೂಡ್ರೈವರ್ ತುದಿ ಇಟ್ಟು ನಿಧಾನ ತಿರುಚುತ್ತೇನೆ. ಒತ್ತುವುದಿಲ್ಲ, ತಿರುಚುವುದು ಅಷ್ಟೇ. ಎಡಗೈ ಬೆರಳು ಕ್ಲಿಪ್ ಬೆನ್ನಿನ ಮೇಲೆ ಇದ್ದೇ ಇರಬೇಕು. ಟಕ್ ಅಂತ ಸಡಿಲ ಆದಾಗ ಅದು ಬೆರಳಿಗೇ ಬಂದು ಅಂಟುತ್ತದೆ.

ಬಿಳಿ ಪ್ಲಾಸ್ಟಿಕ್ಕಿನದು ಬೇರೆ ಜಾತಿ. ಸೀಳು ವಾಷರ್. ಒಂದು ಕಡೆ ಕೂದಲೆಳೆಯಷ್ಟು ಸೀಳು ಇರುತ್ತದೆ, ಕೊಳೆ ತುಂಬಿದ್ದರೆ ಕಾಣುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಡ್ಸ್‌ನಿಂದ ಒರೆಸಿ, ಸೀಳು ಹುಡುಕಿ. ಚೂಪು ಚಿಮಟದ ಒಂದು ತುದಿ ಆ ಸೀಳಿಗೆ ಹಾಕಿ ಸ್ವಲ್ಪ ಅಗಲ ಮಾಡಿ ಮೇಲಕ್ಕೆ ಜಾರಿಸಬೇಕು. ಹಳೇ ನೈಲಾನ್ ಗಡುಸಾಗಿರುತ್ತದೆ, ಚಳಿಯಲ್ಲಿ ಪಟ್ ಅಂತ ಎರಡಾಗುತ್ತದೆ. ಹೇರ್ ಡ್ರೈಯರ್‌ನಿಂದ ದೂರದಿಂದಲೇ ಒಂಚೂರು ಬೆಚ್ಚಗೆ ಮಾಡಿಕೊಳ್ಳಿ.

ಒಂದು ಮಾತು ಮರೀಬೇಡಿ. ಆ ಶಾಫ್ಟ್ ಕ್ಯಾಪ್‌ಸ್ಟನ್. ಟೇಪನ್ನು ಎಳೆಯುವುದೇ ಅದು. ಅದನ್ನು ಪ್ಲೈಯರ್‌ನಲ್ಲಿ ಹಿಡಿಯಲೇಬೇಡಿ. ಒಂದು ಗೀರು ಬಿದ್ದರೂ ಭಾಗವತರ ಆಲಾಪ ಅಲುಗಾಡುತ್ತದೆ.

ಎಸ್ಪಿರೋಡ್_ಸುತ್ತಾಟ:
ಹಾರುವುದಕ್ಕೆ ಮದ್ದು: ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗೆ ಮೆಕ್ಯಾನಿಸಮ್ ಇಟ್ಟು, ಕೈ ಎರಡೂ ಒಳಗೆ ಹಾಕಿ ಕೆಲಸ ಮಾಡಿ. ನೋಡೋರಿಗೆ ತಮಾಷೆ ಅನ್ನಿಸಬಹುದು, ಆದರೆ ಕ್ಲಿಪ್ ಎಲ್ಲಿಗೆ ಹಾರಿದರೂ ಕವರ್‌ನಲ್ಲೇ ಬೀಳುತ್ತದೆ. ಮೊಸಾಯಿಕ್ ನೆಲದ ಮೇಲೆ 2 ಮಿಲಿಮೀಟರ್ ಕ್ಲಿಪ್ ಹುಡುಕಿದವರಿಗೇ ಗೊತ್ತು ಇದರ ಬೆಲೆ.

ಪಕ್ಕದಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡರೆ ಇನ್ನೂ ಒಳ್ಳೇದು. ಹಳೇ ಸ್ಪೀಕರ್ ಮ್ಯಾಗ್ನೆಟ್ ಸಾಕು.

ಮೈಸೂರು_ಮೀಟರ್:
ಮ್ಯಾಗ್ನೆಟ್ ಸಲಹೆಗೆ ನನ್ನದು ಪೂರ್ತಿ ವಿರೋಧ. ಫ್ಯಾನ್, ಮಿಕ್ಸಿ ರಿಪೇರಿಗಾದರೆ ಸರಿ, ಟೇಪ್ ರೆಕಾರ್ಡರ್‌ಗೆ ಬೇಡ. ಟೇಪಿನಿಂದ ಸದ್ದು ಓದುವ ಹೆಡ್‌ಗೆ ಅಯಸ್ಕಾಂತ ಹತ್ತಿದರೆ ಪ್ಲೇ ಮಾಡುವಾಗ ಸ್ಸ್ ಅನ್ನೋ ಸದ್ದು ಜಾಸ್ತಿ ಆಗುತ್ತದೆ. ಮೇಲಿನ ಸ್ವರಗಳು ಮಂಕಾಗುತ್ತವೆ. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಅಂಥ ಹೆಡ್ ತಾನು ಮುಟ್ಟಿದ ಟೇಪನ್ನೂ ಸ್ವಲ್ಪ ಸ್ವಲ್ಪವೇ ಅಳಿಸುತ್ತದೆ. ಅಜ್ಜನ ಕ್ಯಾಸೆಟ್‌ಗೆ ಇನ್ನೊಂದು ಪ್ರತಿ ಇಲ್ಲ, ಅಲ್ವಾ? ತುದಿಗೆ ಅಯಸ್ಕಾಂತ ಇರುವ ಸ್ಕ್ರೂಡ್ರೈವರನ್ನೂ ಹೆಡ್ ಹತ್ತಿರ ತರಬೇಡಿ.

ಎಸ್ಪಿರೋಡ್_ಸುತ್ತಾಟ:
ಮೇಡಂ, ಹೆಡ್ ಬಿಚ್ಚಿ ಪಕ್ಕಕ್ಕೆ ಇಟ್ಟರೆ ಆಯ್ತಲ್ಲ?

ಮೈಸೂರು_ಮೀಟರ್:
ಅಯ್ಯೋ, ಬೇಡವೇ ಬೇಡ! ಹೆಡ್‌ಗೆ ಎರಡು ಸ್ಕ್ರೂ ಇರುತ್ತವೆ. ಒಂದರ ಕೆಳಗೆ ಸ್ಪ್ರಿಂಗ್, ತಲೆಯ ಮೇಲೆ ಬಣ್ಣದ ಚುಕ್ಕೆ. ಅದು ಅಜಿಮತ್ ಸ್ಕ್ರೂ. ಟೇಪಿಗೆ ಹೆಡ್ ಎಷ್ಟು ನೆಟ್ಟಗೆ ನಿಲ್ಲಬೇಕು ಅನ್ನೋದು ಅದರ ಕೈಲಿದೆ. ಒಮ್ಮೆ ತಿರುಗಿಸಿದರೆ ಮತ್ತೆ ಸರಿಯಾಗಿ ಕೂರಿಸಲು ಟೆಸ್ಟ್ ಟೇಪ್ ಬೇಕು. ಮ್ಯಾಗ್ನೆಟ್ ಬದಲು ಕ್ಲಿಪ್ಪಿಗೆ ಒಂದೆಳೆ ಹೊಲಿಗೆ ದಾರ ಪೋಣಿಸಿ. ಬಾಯಿಯ ಒಳಗಿನಿಂದ ದಾರ ದಾಟಿಸಿ ಗಂಟು ಹಾಕಿದರೆ ಹಾರಿದರೂ ದಾರದ ತುದಿಯಲ್ಲೇ ಇರುತ್ತದೆ.

ಎಸ್ಪಿರೋಡ್_ಸುತ್ತಾಟ:
ದಾರದ ಉಪಾಯ ಚೆನ್ನಾಗಿದೆ. ಮ್ಯಾಗ್ನೆಟ್ ಮಾತು ವಾಪಸ್ಸು. ಕವರ್ ಮಾತು ಹಾಗೇ ಇರಲಿ.

ಕರಾವಳಿ_ಕ್ಯಾಸೆಟ್:
ಇಬ್ಬರಿಗೂ ಥ್ಯಾಂಕ್ಸ್. ದಾರ, ಕವರ್ ಎರಡೂ ಮಾಡುತ್ತೇನೆ. ತಾಮ್ರದ ತಂತಿ ಸುತ್ತಿದ ಜಾಗಕ್ಕೆ ಏನು ಮಾಡಲಿ? ಕಡ್ಡಿಯ ದಪ್ಪ ಅಳೆದೆ, ಹತ್ತಿರ ಹತ್ತಿರ 3 ಮಿಲಿಮೀಟರ್. ಹಾರ್ಡ್‌ವೇರ್ ಅಂಗಡಿಯಲ್ಲಿ ‘3ರ ಇ-ಕ್ಲಿಪ್’ ಅಂತ ಕೇಳಿದರೆ ಸಾಕಾ?

ಸೋಲ್ಡರ್_ಸ್ವಾಮಿ:
ಸಾಕಾಗಲ್ಲ, ಎಲ್ಲರೂ ಎಡವುವುದು ಇಲ್ಲೇ. ಇ-ಕ್ಲಿಪ್ಪಿನ ನಂಬರ್ ಕಡ್ಡಿಯ ದಪ್ಪ ಅಲ್ಲ, ಕಚ್ಚಿನ ಒಳಗಿನ ದಪ್ಪ. 3ರ ಕಡ್ಡಿಗೆ 3ರ ಕ್ಲಿಪ್ ಕೇಳಿ ತಂದರೆ ಅದು ಕಚ್ಚಿನಲ್ಲಿ ಲೊಡಲೊಡ ಅನ್ನುತ್ತದೆ, ಒಂದು ದಿನ ಉದುರುತ್ತದೆ. ಆಮೇಲೆ ಯಾರೋ ಬಂದು ತಾಮ್ರದ ತಂತಿ ಸುತ್ತುತ್ತಾರೆ!

ಜರ್ಮನ್ ಡಿನ್ 6799 ಅನ್ನುವ ಅಳತೆ ಪ್ರಕಾರ ಹೇಳುತ್ತೇನೆ. ಅದರಲ್ಲಿ 1.2, 1.5, 1.9, 2.3, 3.2, 4, 5 ಹೀಗೆ ಬರುತ್ತವೆ. 1.5ರ ಕ್ಲಿಪ್ 2ರಿಂದ 2.5ರ ಕಡ್ಡಿಗೆ. 1.9ರದು 2.5ರಿಂದ 3ಕ್ಕೆ. 2.3ರದು 3ರಿಂದ 4ಕ್ಕೆ. 3.2ರದು 4ರಿಂದ 5ಕ್ಕೆ. ನಿಮ್ಮ ಕಡ್ಡಿ 3 ಅಂದ್ರೆ 1.9 ಅಥವಾ 2.3, ಎರಡರಲ್ಲಿ ಒಂದು. ಜಪಾನಿನ ಜೆಐಎಸ್ ಅಳತೆಯಲ್ಲಿ ಅವೇ ಜಾಗಕ್ಕೆ 2, 2.5, 3 ಅಂತ ಬರುತ್ತವೆ. ಟೂ-ಇನ್-ಒನ್‌ಗಳ ಮೆಕ್ಯಾನಿಸಮ್ ಬಹಳಷ್ಟು ಜಪಾನಿ ಮಾದರಿಯವೇ, ಹಾಗಾಗಿ 2ರದೂ ಕೂರಬಹುದು.

ತಂತಿ ಬಿಚ್ಚಿ, ಕಚ್ಚನ್ನೇ ಅಳೆಯಿರಿ. ವರ್ನಿಯರ್‌ನ ದವಡೆಯ ತುದಿ ತೆಳ್ಳಗೆ ಇರುತ್ತದೆ, ಅದೇ ತುದಿ ಕಚ್ಚಿಗೆ ಇಳಿಯಬೇಕು. ಕಚ್ಚಿನ ಅಗಲವನ್ನೂ ನೋಡಿ. 1.9ರ ಕ್ಲಿಪ್ 0.5 ಮಿಲಿಮೀಟರ್ ದಪ್ಪ, 2.3ರದು 0.6. ದಪ್ಪ ಕ್ಲಿಪ್ ತೆಳ್ಳಗಿನ ಕಚ್ಚಿಗೆ ಇಳಿಯುವುದೇ ಇಲ್ಲ. ಬಡಿದು ಇಳಿಸಿದರೆ ಕಡ್ಡಿಯೇ ಬಾಗುತ್ತದೆ.

ಹಳೇರೇಡಿಯೋ:
ಆನ್‌ಲೈನ್‌ನಲ್ಲಿ ಸಿಗುವ ಬಗೆಬಗೆ ಅಳತೆಯ ಡಬ್ಬಿ ತರಿಸೋದಾದರೆ ಒಂದು ಎಚ್ಚರಿಕೆ. ಹೆಚ್ಚಿನವು 1.5ರಿಂದ ಶುರುವಾಗಿ 10ರ ತನಕ ಹೋಗುತ್ತವೆ. ಕ್ಯಾಸೆಟ್ ಕೆಲಸಕ್ಕೆ ಬೇಕಾಗುವ 1.2 ಅದರಲ್ಲಿ ಇರುವುದಿಲ್ಲ. 8, 9, 10ರವು ಮಾತ್ರ ಡಬ್ಬಿ ತುಂಬ.

ಎಸ್ಪಿರೋಡ್_ಸುತ್ತಾಟ:
ಬೆಂಗಳೂರಿಗೆ ಬರೋದಿದ್ರೆ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕ್ಲಿಪ್ ಕೇಳಿ ಸಮಯ ಹಾಳು ಮಾಡಬೇಡಿ. ಪಕ್ಕದ ಎಸ್‌ಜೆಪಿ ರಸ್ತೆ ಕಡೆ ನಟ್-ಬೋಲ್ಟ್ ಮಾರುವವರಲ್ಲಿ ವಿಚಾರಿಸಿ. ಬಾಯಲ್ಲಿ ಹೇಳೋದಕ್ಕಿಂತ ಆ ಲಿವರ್ ಕಡ್ಡಿಯನ್ನೇ ಕೈಗೆ ಕೊಟ್ಟು ‘ಇದಕ್ಕೆ ಕೂರೋದು ಕೊಡಿ’ ಅನ್ನಿ. ಅಲ್ಲೇ ಹಾಕಿ ನೋಡಿ. ಬೆಲ್ಟ್, ಟ್ರಾನ್ಸಿಸ್ಟರ್‌ಗೆ ಎಸ್‌ಪಿ ರಸ್ತೆ.

ಕರಾವಳಿ_ಕ್ಯಾಸೆಟ್:
ಕಡ್ಡಿ ಚಾಸಿಗೆ ಒತ್ತಿ ಕೂರಿಸಿದ್ದು, ಹೊರಗೆ ಬರುವುದಿಲ್ಲ. ಇಡೀ ಮೆಕ್ಯಾನಿಸಮ್ ಬಸ್ಸಿನಲ್ಲಿ ಹೊತ್ತು ತರಬೇಕಾ ಮಾರಾಯ್ರೆ?

ಮೈಸೂರು_ಮೀಟರ್:
ಬೇಡ ಬೇಡ. ಪಕ್ಕದ ಗೇರಿನ ಕಪ್ಪು ಕ್ಲಿಪ್ ತೆಗೆದ ಮೇಲೆ ಅದನ್ನೇ ಈ ಕಚ್ಚಿಗೆ ಹಾಕಿ ನೋಡಿ. ಕೂತರೆ ಅದೇ ನಂಬರ್. ಕ್ಲಿಪ್ ಸರಿಯಾಗಿ ಕೂತಿದೆ ಅನ್ನೋದು ಗೊತ್ತಾಗೋದು ಹೀಗೆ: ಟಕ್ ಅನ್ನಬೇಕು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು, ಆದರೆ ಅತ್ತಿತ್ತ ಅಲ್ಲಾಡಬಾರದು.

ಕಾರ್ಖಾನೆಯಲ್ಲಿ ಒತ್ತಿ ಕತ್ತರಿಸಿದ ಕ್ಲಿಪ್ಪಿಗೆ ಒಂದು ಮುಖದ ಅಂಚು ದುಂಡಗೆ, ಇನ್ನೊಂದರದು ಚೂಪು. ಉಗುರಾಡಿಸಿದರೆ ಗೊತ್ತಾಗುತ್ತದೆ. ಚೂಪು ಮುಖ ಹೊರಗೆ ಇರಲಿ, ದುಂಡು ಮುಖ ಗೇರಿನ ಕಡೆಗೆ. ಕ್ಯಾಸೆಟ್ ಮೆಕ್ಯಾನಿಸಮ್‌ನಲ್ಲಿ ಅಷ್ಟೊಂದು ಒತ್ತಡ ಇಲ್ಲ, ಆದರೂ ಅಭ್ಯಾಸ ಒಳ್ಳೇದು.

ಸೋಲ್ಡರ್_ಸ್ವಾಮಿ:
ಮೇಡಂ ಹೇಳಿದ್ದು ಸರಿ. ಬಾಗಿದ ಕ್ಲಿಪ್ಪನ್ನು ಮಾತ್ರ ಪ್ಲೈಯರ್‌ನಲ್ಲಿ ನೇರ ಮಾಡಿ ಮತ್ತೆ ಹಾಕಬೇಡಿ. ಅದರ ಸ್ಪ್ರಿಂಗ್ ಗುಣ ಹೋಗಿರುತ್ತದೆ. ಒಂದು ಕ್ಲಿಪ್ಪಿಗೆ ರೂಪಾಯಿ ಲೆಕ್ಕ, ಗೇರ್ ಸಿಗೋದೇ ಇಲ್ಲ.

ಕಚ್ಚು ಇಲ್ಲದ ಕಡ್ಡಿಯ ಮೇಲೆ ಒಳಗೆ ಹಲ್ಲು ಹಲ್ಲಾಗಿರುವ ತೆಳು ತಗಡಿನ ಟೋಪಿ ಕಂಡರೆ ಅದು ಇ-ಕ್ಲಿಪ್ ಅಲ್ಲ. ಅದನ್ನು ಒತ್ತಿ ಕೂರಿಸಿರುತ್ತಾರೆ, ತೆಗೆದರೆ ಹಾಳು. ಹೊಸದು ಕೈಯಲ್ಲಿ ಇಲ್ಲದೆ ಮುಟ್ಟಬೇಡಿ. ಗೇರಿನ ನಡುವೆ ಪ್ಲಾಸ್ಟಿಕ್ ಕೊಕ್ಕೆಗಳು ಇದ್ದರೆ ಅದು ಗೇರಿಗೇ ಸೇರಿದ ಲಾಕ್. ಕೊಕ್ಕೆಗಳನ್ನು ಒಳಕ್ಕೆ ಒತ್ತಿ ಹಿಡಿದು ಎತ್ತಬೇಕು. ಪ್ಲಾಸ್ಟಿಕ್ ಕಡ್ಡಿಯ ತಲೆ ಕರಗಿಸಿ ಅಣಬೆಯಂತೆ ಮಾಡಿದ್ದರೆ ಅಲ್ಲಿ ಲಾಕೇ ಇಲ್ಲ. ಬಿಟ್ಟುಬಿಡಿ.

ಹಳೇರೇಡಿಯೋ:
ಸೀಳು ವಾಷರ್ ಒಡೆದರೆ ಗಾಬರಿ ಬೇಡ. ಒಳತೂತು ಶಾಫ್ಟ್‌ಗಿಂತ ಒಂಚೂರು ಚಿಕ್ಕದಾಗಿರುವ ವೈರಿನ ಸ್ಲೀವ್ ಒಂದು ಮಿಲಿಮೀಟರ್ ಕತ್ತರಿಸಿ ಬಿಗಿಯಾಗಿ ಇಳಿಸಿ. ಹಳೇ ಮೆಕ್ಯಾನಿಕ್‌ಗಳೆಲ್ಲ ಮಾಡುತ್ತಿದ್ದದ್ದೇ. ಕ್ಯಾಪ್‌ಸ್ಟನ್ ಮೇಲೆ ಮಾತ್ರ ಟೇಪ್ ಮುಟ್ಟುವ ಜಾಗಕ್ಕೆ ಬರಬಾರದು. ಫೆವಿಕ್ವಿಕ್ ತರಬೇಡಿ, ಅದು ಶಾಫ್ಟ್ ಇಳಿದು ಬುಷ್‌ಗೆ, ಅಂದ್ರೆ ಶಾಫ್ಟ್ ತಿರುಗುವ ಕೊಳವೆಗೆ, ಹೋದರೆ ಕಥೆ ಮುಗಿಯಿತು.

ಮೈಸೂರು_ಮೀಟರ್:
ಇನ್ನು ಸಿ945 ಬಗ್ಗೆ. ಅದು ಟ್ರಾನ್ಸಿಸ್ಟರ್. ಪೂರ್ತಿ ಹೆಸರು 2ಎಸ್‌ಸಿ945. ಜಪಾನಿ ಪಾರ್ಟ್‌ಗಳ ಮೈಮೇಲೆ ಮುಂದಿನ ‘2ಎಸ್’ ಹಾಕುವುದಿಲ್ಲ, ಜಾಗ ಸಾಲದು. ಟ್ರಾನ್ಸಿಸ್ಟರ್‌ನಲ್ಲಿ ಪಿಎನ್‌ಪಿ, ಎನ್‌ಪಿಎನ್, ಎಫ್‌ಇಟಿ ಅಂತ ಜಾತಿಗಳಿವೆ. 2ಎಸ್‌ಎ, 2ಎಸ್‌ಬಿ ಅಂದ್ರೆ ಪಿಎನ್‌ಪಿ. 2ಎಸ್‌ಸಿ, 2ಎಸ್‌ಡಿ ಅಂದ್ರೆ ಎನ್‌ಪಿಎನ್. 2ಎಸ್‌ಕೆ, 2ಎಸ್‌ಜೆ ಅಂದ್ರೆ ಎಫ್‌ಇಟಿ. ಹಾಗಾಗಿ ಎ1015 ಕಂಡರೆ 2ಎಸ್‌ಎ1015, ಡಿ882 ಕಂಡರೆ 2ಎಸ್‌ಡಿ882.

ಕೊನೆಯ ‘ಪಿ’ ಸುಮ್ನೆ ಇಲ್ಲ. ಅದು ಗೇನ್ ದರ್ಜೆ, ಅಂದ್ರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನೋದು. ಸಿ945ರಲ್ಲಿ ಪಿ ಅಂದ್ರೆ 200ರಿಂದ 400.

ಅಂಗಡಿಯಲ್ಲಿ ‘ಇದು ಇಲ್ಲ, ಬಿಸಿ547 ಹಾಕಿ, ಅದೇ ಕೆಲಸ’ ಅಂತಾರೆ. ಕೆಲಸ ಹೆಚ್ಚುಕಡಿಮೆ ಅದೇ, ಆದರೆ ಕಾಲುಗಳು ಅದೇ ಅಲ್ಲ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿಯಿರಿ. ಸಿ945ಗೆ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿಸಿ547ಗೆ ಕಲೆಕ್ಟರ್, ಬೇಸ್, ಎಮಿಟರ್. ತಿರುಗಿಸಿ ಹಾಕಿದರೆ ಸರಿಹೋಗುತ್ತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ತಿರುಗಿಸಿದರೆ ಎಮಿಟರ್ ತನ್ನ ಜಾಗಕ್ಕೆ ಬರುತ್ತದೆ, ಆದರೆ ಬೇಸ್, ಕಲೆಕ್ಟರ್ ಅದಲುಬದಲು ಆಗಿರುತ್ತವೆ. ಆ ಎರಡು ಕಾಲುಗಳನ್ನು ಸ್ಲೀವ್ ಹಾಕಿ ಒಂದರ ಮೇಲೊಂದು ದಾಟಿಸಬೇಕು. 2ಎಸ್‌ಸಿ1815 ಸಿಕ್ಕರೆ ಅದನ್ನೇ ತನ್ನಿ, ಅದರ ಕಾಲುಗಳ ಸಾಲು ಸಿ945ದೇ.

ಆದರೆ ತರುವ ಮೊದಲು ಅಳೆಯಿರಿ. ಸುತ್ತ ಕಂದಾಗಿದೆ ಅಂದ ಮಾತ್ರಕ್ಕೆ ಸತ್ತಿದೆ ಅಂತಲ್ಲ. ಪಕ್ಕದಲ್ಲಿ ಬಿಸಿಯಾಗುವ ರೆಸಿಸ್ಟರ್ ಇದ್ದರೂ ಬೋರ್ಡ್ ಹಾಗಾಗುತ್ತದೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ಇಡಿ. ಕೆಂಪು ಕಡ್ಡಿ ಬಲಗಡೆ ಕಾಲಿಗೆ, ಅದೇ ಬೇಸ್. ಕಪ್ಪು ಕಡ್ಡಿ ಉಳಿದ ಎರಡಕ್ಕೆ ಒಂದೊಂದಾಗಿ. ಎರಡೂ ಸಲ 0.6ರಿಂದ 0.7 ಬಂದರೆ, ಕಡ್ಡಿ ಅದಲುಬದಲು ಮಾಡಿದಾಗ ಏನೂ ಬರದಿದ್ದರೆ, ಅದು ಬದುಕಿದೆ. ಬೋರ್ಡ್ ಮೇಲಿರುವಾಗ ಅಳತೆ ವಿಚಿತ್ರ ಬಂದರೆ ಬಿಚ್ಚಿ ಅಳೆಯಿರಿ.

ಕರಾವಳಿ_ಕ್ಯಾಸೆಟ್:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಮೇಡಂ. ಅದರ ಪಕ್ಕದ ಹಸಿರು ಚಪ್ಪಟೆ ಪಾರ್ಟ್ ಮೇಲೆ ‘2ಎ223ಜೆ’ ಅಂತಿದೆ. ಅದೂ ಟ್ರಾನ್ಸಿಸ್ಟರಾ? ಎರಡೇ ಕಾಲು ಇದೆ.

ಮೈಸೂರು_ಮೀಟರ್:
ಅಲ್ಲ, ಕೆಪಾಸಿಟರ್. 22ರ ಮುಂದೆ ಮೂರು ಸೊನ್ನೆ, ಅಂದ್ರೆ 22,000 ಪಿಕೊಫ್ಯಾರಡ್. 0.022 ಮೈಕ್ರೊಫ್ಯಾರಡ್. 2ಎ ಅಂದ್ರೆ 100 ವೋಲ್ಟ್. ಜೆ ಅಂದ್ರೆ ಶೇಕಡಾ 5 ಹೆಚ್ಚುಕಡಿಮೆ. ಈ ಜಾತಿಯವು ಸುಲಭಕ್ಕೆ ಹಾಳಾಗುವುದಿಲ್ಲ, ಬಿಟ್ಟುಬಿಡಿ.

ಸೋಲ್ಡರ್_ಸ್ವಾಮಿ:
ಬಹಳ ಕಾಲುಗಳ ಕಪ್ಪು ಚಿಪ್, ಅಂದ್ರೆ ಐಸಿ, ಅದರ ನಂಬರಿನ ಮೊದಲಕ್ಷರಗಳನ್ನು ನೋಡಿದರೆ ಯಾರು ಮಾಡಿದ್ದು ಅಂತ ಗೊತ್ತಾಗುತ್ತದೆ. ಟಿಎ ತೋಷಿಬಾ, ಎಲ್‌ಎ ಸಾನ್ಯೊ, ಬಿಎ ರೋಮ್, ಎಎನ್ ಪ್ಯಾನಾಸಾನಿಕ್ ಮನೆಯದು, ಸಿಎಕ್ಸ್‌ಎ ಸೋನಿ. ಪಾರ್ಟಿನ ವಿವರ ಇರುವ ಡೇಟಾಶೀಟ್ ಹುಡುಕುವಾಗ ಸಹಾಯಕ್ಕೆ ಬರುತ್ತದೆ.

ಮೋಟರ್ ತೆಗೆಯೋದಿದ್ರೆ ಲೇಬಲ್ ಓದಿ. ವೋಲ್ಟ್, ವೇಗ, ತಿರುಗುವ ದಿಕ್ಕು ಎಲ್ಲಾ ಬರೆದಿರುತ್ತದೆ. ಒಳಗೆ ವೇಗ ಹಿಡಿಯುವ ಚಿಕ್ಕ ಬೋರ್ಡ್ ಇರುತ್ತದೆ. ಪ್ಲಸ್ ಮೈನಸ್ ಉಲ್ಟಾ ಕೊಟ್ಟರೆ ಉಲ್ಟಾ ತಿರುಗುವುದಿಲ್ಲ, ಆ ಬೋರ್ಡ್ ಸುಡುತ್ತದೆ. ಹಿಂದಿನ ಸಣ್ಣ ತೂತಿನೊಳಗೆ ವೇಗದ ಸ್ಕ್ರೂ ಇದೆ, ಅದನ್ನು ಈಗ ಮುಟ್ಟಬೇಡಿ.

ಹಳೇರೇಡಿಯೋ:
ಬೆಲ್ಟ್ ಅಳತೆ: ಹಳೇದು ಕರಗಿದೆ, ಅಳೆಯಲು ಬರುವುದಿಲ್ಲ. ಪುಲ್ಲಿಗಳ ಸುತ್ತ ದಾರ ಸುತ್ತಿ ಉದ್ದ ನೋಡಿ. ಅದಕ್ಕಿಂತ ನೂರಕ್ಕೆ 5ರಿಂದ 10ರಷ್ಟು ಚಿಕ್ಕ ಬೆಲ್ಟ್ ತನ್ನಿ. ತುಂಬ ಬಿಗಿ ಬೇಡ, ಮೋಟರ್ ಬುಷ್ ಸವೆಯುತ್ತದೆ. ಚಪ್ಪಟೆಯಾ, ಚೌಕವಾ ಅಂತ ಪುಲ್ಲಿಯ ಕಚ್ಚು ನೋಡಿ ತಿಳಿಯಿರಿ. ಕಪ್ಪು ಅಂಟನ್ನು ಪೂರ್ತಿ ಒರೆಸಿ. ಒಳ್ಳೇ ಪಂಚೆ ಉಟ್ಟುಕೊಂಡು ಕೂರಬೇಡಿ, ಆ ಕಲೆ ಹೋಗೋದಿಲ್ಲ.

ಕರಾವಳಿ_ಕ್ಯಾಸೆಟ್:
ಎಲ್ಲರಿಗೂ ವರದಿ. ದಾರ ಕಟ್ಟಿ, ಕವರ್ ಒಳಗೆ ಕೈ ಹಾಕಿ ಇ-ಕ್ಲಿಪ್ ತೆಗೆದೆ. ಹಾರಲಿಲ್ಲ. ಬಿಳಿ ವಾಷರ್ ಕೂಡ ಇಡಿಯಾಗಿ ಬಂತು. ಅದರ ಕೆಳಗೆ ತೆಳು ಪಾರದರ್ಶಕ ವಾಷರ್ ಒಂದು ಎಣ್ಣೆಗೆ ಅಂಟಿಕೊಂಡಿತ್ತು. ಫೋಟೋ ಇಲ್ಲದಿದ್ದರೆ ಅದು ಎಲ್ಲಿಯದು ಅಂತ ಗೊತ್ತೇ ಆಗುತ್ತಿರಲಿಲ್ಲ. ಗೇರಿನ ಕ್ಲಿಪ್ಪನ್ನು ಲಿವರ್ ಕಚ್ಚಿಗೆ ಹಾಕಿ ನೋಡಿದೆ, ಟಕ್ ಅಂತು. ಅಂಗಡಿಯಲ್ಲಿ ಅದನ್ನೇ ತೋರಿಸಿ ಅಂಥದ್ದೇ ಎರಡು ತಂದೆ. 1.9ರದು ಅಂದರು.

ಬೆಲ್ಟ್ ಹಾಕಿದೆ, ಚಕ್ರ ತಿರುಗುತ್ತಿದೆ. ಸಿ945 ಅಳೆದೆ, ಎರಡೂ ಕಡೆ 0.66. ಹಾಗಾದರೆ ಅದು ಚೆನ್ನಾಗಿದೆ, ಅಲ್ವಾ? ಆದರೆ ಎಡಗಡೆ ಸ್ಪೀಕರ್ ಬರುತ್ತದೆ, ಹೋಗುತ್ತದೆ. ರೇಡಿಯೋ ಹಾಕಿದರೆ ಎರಡೂ ಸರಿ. ಕ್ಯಾಸೆಟ್‌ಗೆ ಮಾತ್ರ ಹೀಗೆ.

ಸೋಲ್ಡರ್_ಸ್ವಾಮಿ:
ರೇಡಿಯೋದಲ್ಲಿ ಎರಡೂ ಬರುತ್ತವೆ ಅಂದ್ರೆ ಆಂಪ್ಲಿಫೈಯರ್, ಸ್ಪೀಕರ್ ಸರಿ ಇವೆ. ಬೋರ್ಡ್ ಮೇಲೆ ಬಹಳ ಕಾಲುಗಳ ಉದ್ದನೆ ಸ್ವಿಚ್ ಇದೆ ನೋಡಿ, ರೆಕಾರ್ಡ್ ಬಟನ್ ಒತ್ತಿದಾಗ ಹಿಂದೆ ಮುಂದೆ ಜಾರುವುದು. ಅದು ರೆಕಾರ್ಡ್-ಪ್ಲೇ ಸ್ವಿಚ್. ಹೆಡ್‌ನಿಂದ ಬರುವ ಸಿಗ್ನಲ್ ಬಹಳ ಸಣ್ಣದು, ಅದರೊಳಗೆ ಸ್ವಲ್ಪ ಕಿಲುಬು ಹಿಡಿದರೂ ಒಂದು ಕಡೆ ಸತ್ತುಹೋಗುತ್ತದೆ. ಪ್ಲಗ್ ಕಿತ್ತು, ಅದರ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸ್ಪ್ರೇ ಮಾಡಿ, ಕೈಯಿಂದ ಹತ್ತಾರು ಸಲ ಹಿಂದೆ ಮುಂದೆ ಆಡಿಸಿ. ರಬ್ಬರ್ ರೋಲರ್‌ಗೆ ಸ್ಪ್ರೇ ತಗಲದಿರಲಿ.

ಹಳೇರೇಡಿಯೋ:
ಆ ಸ್ವಿಚ್ ಆಡಿಸುವಾಗ ಅಜ್ಜನ ಕ್ಯಾಸೆಟ್ ಒಳಗೆ ಇರಬಾರದು! ಪರೀಕ್ಷೆಗೆ ಬೇಡದ ಕ್ಯಾಸೆಟ್ ಒಂದು ಇಟ್ಟುಕೊಳ್ಳಿ. ಅಜ್ಜನ ಕ್ಯಾಸೆಟ್‌ಗಳ ಬೆನ್ನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಎಸಳು ಇವೆ, ಈಗಲೇ ಮುರಿದುಹಾಕಿ. ಎ ಮುಖ ನಿಮ್ಮ ಕಡೆ, ಟೇಪ್ ಕಾಣುವ ಅಂಚು ಕೆಳಗೆ ಇದ್ದಾಗ ಮೇಲೆ ಎಡಗಡೆ ಇರುವುದು ಎ ಮುಖದ್ದು. ಮುರಿದ ಮೇಲೆ ರೆಕಾರ್ಡ್ ಬಟನ್ ಒತ್ತಿದರೂ ಇಳಿಯುವುದಿಲ್ಲ.

ಕರಾವಳಿ_ಕ್ಯಾಸೆಟ್:
ಸ್ಪ್ರೇ ಮಾಡಿ ಸ್ವಿಚ್ ಆಡಿಸಿದೆ. ಎರಡೂ ಸ್ಪೀಕರ್ ಬಂತು! ಎಸಳುಗಳನ್ನು ಮುರಿದಾಯಿತು. ಆದರೆ ಮದ್ದಳೆ ಸ್ವಲ್ಪ ಮೇಲಿನ ಶ್ರುತಿಯಲ್ಲಿದೆ ಅನ್ನಿಸುತ್ತಿದೆ. ಸ್ವಾಮಿಯವರೇ, ನೀವು ಮುಟ್ಟಬೇಡಿ ಅಂದ ಆ ಮೋಟರ್ ಸ್ಕ್ರೂ ಈಗ ಮುಟ್ಟಬಹುದಾ?

ಸೋಲ್ಡರ್_ಸ್ವಾಮಿ:
ಈಗ ಮುಟ್ಟಬಹುದು. 3000 ಅಥವಾ 3150 ಹರ್ಟ್ಸ್ ಟೆಸ್ಟ್ ಟೇಪ್ ಸಿಕ್ಕರೆ ಅದನ್ನು ಹಾಕಿ, ಫೋನಿನ ಫ್ರೀಕ್ವೆನ್ಸಿ ಆ್ಯಪ್ ನೋಡುತ್ತಾ ತಿರುಗಿಸಿ. ಸಿಗದಿದ್ದರೆ, ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಅನ್ನೋದು ಲೆಕ್ಕ. ಬೇಡದ ಕ್ಯಾಸೆಟ್‌ನ ಟೇಪಿನಲ್ಲಿ 4 ಮೀಟರ್ 76 ಸೆಂಟಿಮೀಟರ್ ಅಳೆದು ಎರಡು ಗುರುತು ಹಾಕಿ. ಒಂದು ಗುರುತು ಹೆಡ್ ದಾಟಿದ ಮೇಲೆ ಇನ್ನೊಂದು ದಾಟಲು ಸರಿಯಾಗಿ 100 ಸೆಕೆಂಡ್ ಹಿಡಿಯಬೇಕು. ಬೇಗ ಬಂದರೆ ವೇಗ ಜಾಸ್ತಿ. ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರ್ ಬಳಸಿ, ಕೂದಲೆಳೆಯಷ್ಟೇ ತಿರುಗಿಸಿ. ಮೊದಲು ಅರ್ಧ ಗಂಟೆ ಓಡಲು ಬಿಡಿ, ಹೊಸ ಬೆಲ್ಟ್ ಹೊಂದಿಕೊಳ್ಳಲಿ.